ತೌಡಿನ ಬಣ್ಣ

ಬಿಸಿ ಇಂಜಿನ್ನಿಗೆ ಪಾನಾ ಹಚ್ಚಿ ಬಿಚ್ಚಲು ಹೋಗುವವರನ್ನು ಕಂಡರೆ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಗಾಡಿ ತಂದು ನಿಲ್ಲಿಸಿ "ಜಲ್ದಿ ಪ್ಲಗ್ ಬದಲು ಮಾಡಿಕೊಡ್ರಿ ಮೇಸ್ತ್ರಿ" ಎಂದು ಅವಸರ ಮಾಡುವವರಿಗೆ ಎದುರಿನ ಚಹಾದಂಗಡಿಯ ಬೆಂಚು ತೋರಿಸಿ, "ಮದ್ಲ ನೀವು ತಣ್ಣಗಾಗ್ರಿ, ಆಮ್ಯಾಲ ಇಂಜಿನ್ ತಣ್ಣಗಾಗ್ತೈತಿ" ಎನ್ನುತ್ತಿದ್ದರು. ಇಂಜಿನ್ ಮೇಲೆ ಅಂಗೈ ಊರಿ, ಇಪ್ಪತ್ತು ಎಣಿಸುವವರೆಗೂ ಕೈ ತೆಗೆಯಬೇಕೆನಿಸದಿದ್ದರೆ ಮಾತ್ರ ಕೆಲಸ ಶುರು. ನನ್ನನ್ನು ಆ ಬೆಂಚಿನ ಮೇಲೆ ಅವರು ಕೂರಿಸಿದ ಗಂಟೆಗಳನ್ನೆಲ್ಲ ಕೂಡಿಸಿದ್ದರೆ ಒಂದು ಡಿಗ್ರಿ ಓದಿ ಮುಗಿಸಬಹುದಿತ್ತು. ಒಂದು ರೀತಿಯಲ್ಲಿ ಓದಿದೆ ಕೂಡ.

ಅವರು ತೀರಿಹೋಗಿ ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ಅವರ ತಗಡಿನ ಶೆಡ್ಡಿಗೂ ಹೆಸರಿನ ಬೋರ್ಡಿರಲಿಲ್ಲ. "ಕೆಲ್ಸ ಬೇಕಾದೋರು ಹುಡುಕ್ಕೊಂಡು ಬರ್ತಾರ, ಬ್ಯಾಡಾದೋರಿಗೆ ನನ್ನ ಹೆಸರ್ಯಾಕ ಬೇಕು" ಎನ್ನುತ್ತಿದ್ದರು. ಊರಿಗೆಲ್ಲ ಮೇಸ್ತ್ರಿ, ನನಗೂ ಮೇಸ್ತ್ರಿ. ಹಣೆಯಲ್ಲಿ ಬೆಳಿಗ್ಗೆ ವಿಭೂತಿ ಇರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಅದರ ಮೇಲೊಂದು ಗ್ರೀಸಿನ ಗೆರೆ ಬಿದ್ದಿರುತ್ತಿತ್ತು. ಗಿಡ್ಡ ಆಳು. ಬಾನೆಟ್ಟಿನೊಳಗೆ ಬಗ್ಗಬೇಕೆಂದರೆ ಒಂದು ಮರದ ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿಕೊಂಡು ಬಂದು ಅದರ ಮೇಲೆ ಹತ್ತಿ ನಿಲ್ಲುತ್ತಿದ್ದರು. ಪೆಟ್ಟಿಗೆ ಹತ್ತಿದಾಗ ಅವರ ದನಿಯೂ ಎತ್ತರವಾಗುತ್ತಿತ್ತು.

ನಾನು ಕಂಪ್ಲಿಯವಳು. ತಮ್ಮನೂ ನಾನೂ ಸೇರಿ ಮನೆಯ ಅಕ್ಕಿ ಗಿರಣಿ ನಡೆಸುತ್ತೇವೆ. ಗಿರಣಿಯ ಹಿತ್ತಲಿನಲ್ಲಿ ತೌಡಿನ ಚೀಲ ಹೊತ್ತು ಹೊತ್ತು ಸವೆದ ಒಂದು ಪೆಟ್ರೋಲ್ ಪಿಕಪ್ ನಿಂತಿತ್ತು. ತಮ್ಮ ಅದನ್ನು ಗುಜರಿಗೆ ಹಾಕಲು ಹೊರಟಾಗ ನಾನು ಅಡ್ಡ ನಿಂತೆ. ಪ್ರತಿ ವರ್ಷ ಮಳೆ ಮುಗಿದ ಮೇಲೆ ಸಂಡೂರಿನ ಕಡೆ ಒಬ್ಬರ ಖಾಸಗಿ ಜಮೀನಿನಲ್ಲಿ, ಹಿಂದೆ ಅದಿರು ಸಾಗಿಸುತ್ತಿದ್ದ ಒಂದು ಕಡಿದಾದ ದಾರಿಯಲ್ಲಿ, ಜೀಪು ಪಿಕಪ್ಪುಗಳ ಹುಚ್ಚಿನವರೆಲ್ಲ ಸೇರಿ ಗುಡ್ಡ ಹತ್ತಿಸುತ್ತಾರೆ. ನನಗೂ ಹತ್ತಬೇಕಿತ್ತು. ನಲವತ್ತೆಂಟು ವರ್ಷದ ಹೆಂಗಸಿಗೆ ಇದೆಲ್ಲ ಯಾಕೆ ಎಂದು ಕೇಳಿದವರಿಗೆ ನಾನು ಉತ್ತರ ಕೊಟ್ಟಿಲ್ಲ, ಇನ್ನೂ ಕೊಡುವುದಿಲ್ಲ. ಮೇಸ್ತ್ರಿ ಮಾತ್ರ ಕೇಳಲಿಲ್ಲ. ಗಾಡಿಯನ್ನು ಒಂದು ಸುತ್ತು ಹಾಕಿ, "ಇದಕ್ಕ ದೊಡ್ಡ ಗಾಲಿ ಬೇಕು, ಟರ್ಬೊ ಕುಂದ್ರಸ್ಬೇಕು. ನಿನಗ ತಾಳ್ಮಿ ಬೇಕು. ಮೂರನೇದು ಐತೇನವ್ವಾ?" ಎಂದರು.

ಟರ್ಬೊ ಎಂದರೆ ಇಂಜಿನ್ನಿಗೆ ಒತ್ತಿ ಒತ್ತಿ ಗಾಳಿ ಊದುವ ಯಂತ್ರ. ಶಕ್ತಿ ಹೆಚ್ಚುತ್ತದೆ, ಜೊತೆಗೆ ಒಳಗಿನ ಬೆಂಕಿಯೂ ಹೆಚ್ಚುತ್ತದೆ. ಆ ಬೆಂಕಿಯ ಬಾಯಲ್ಲಿ ಕೂತು ಕಿಡಿ ಹಾರಿಸುವುದು ಪ್ಲಗ್ಗು. ಅದು ತಾನು ಕುಡಿದ ಶಾಖವನ್ನು ಬೇಗ ಬಿಟ್ಟುಕೊಟ್ಟರೆ ತಂಪು ಪ್ಲಗ್ಗು, ತಡವಾಗಿ ಬಿಟ್ಟುಕೊಟ್ಟರೆ ಬಿಸಿ ಪ್ಲಗ್ಗು. ಟರ್ಬೊ ಗಾಡಿಗೆ ಕಂಪನಿ ಕೊಟ್ಟದ್ದಕ್ಕಿಂತ ತಂಪಾದ ಪ್ಲಗ್ಗು ಬೇಕು. ಎಷ್ಟು ತಂಪು ಎನ್ನುವುದನ್ನು ಯಾರೂ ಬರೆದಿಟ್ಟಿರುವುದಿಲ್ಲ, ಓಡಿಸಿ, ಬಿಚ್ಚಿ, ಬಣ್ಣ ನೋಡಿಯೇ ತಿಳಿಯಬೇಕು. ತುದಿಯ ಪಿಂಗಾಣಿ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಒಳಗೆ ಸುಡುತ್ತಿದೆ, ಬಾದಾಮಿ ಬಣ್ಣ ಬಂದಿದ್ದರೆ ಸರಿ. ಇದಕ್ಕೆ ಅವರು ಪ್ಲಗ್ ಓದುವುದು ಎನ್ನುತ್ತಿದ್ದರು. ಶಾಲೆಯನ್ನು ನಾಲ್ಕನೆಯ ಇಯತ್ತೆಗೆ ಬಿಟ್ಟ ಅವರು ಓದುತ್ತಿದ್ದ ವಸ್ತು ಅದೊಂದೇ. ಆದರೆ ಅದನ್ನು ಓದಲು ಹೊಸಪೇಟೆಯಲ್ಲಿ ಅವರಷ್ಟು ಬಲ್ಲವರು ಇರಲಿಲ್ಲ.

ಬಿಚ್ಚುವ ಮೊದಲು ಸೈಕಲ್ ಪಂಪಿನಿಂದ ಪ್ಲಗ್ಗಿನ ಸುತ್ತ ಗಾಳಿ ಹೊಡೆಯುತ್ತಿದ್ದರು. ಸಂಡೂರಿನ ಕೆಂಪು ಧೂಳು ಒಂದು ಚಿಟಿಕೆ ಒಳಗೆ ಬಿದ್ದರೂ ಸಿಲಿಂಡರ್ ಗೀರಿಹೋಗುತ್ತದೆ. ಹೊಸ ಪ್ಲಗ್ಗನ್ನು ಪಾನಾದಿಂದ ಶುರು ಮಾಡುತ್ತಲೇ ಇರಲಿಲ್ಲ. ಅದರ ಹಿಂಬದಿಗೆ ಗೇಣುದ್ದದ ರಬ್ಬರ್ ಕೊಳವೆ ಸಿಕ್ಕಿಸಿ, ಕೊಳವೆಯನ್ನು ಎರಡು ಬೆರಳಲ್ಲಿ ತಿರುಗಿಸುತ್ತಿದ್ದರು. ಥ್ರೆಡ್ಡು ಓರೆಯಾಗಿ ಹಿಡಿದರೆ ಪ್ಲಗ್ಗು ನಿಂತು ಕೊಳವೆ ಮಾತ್ರ ಜಾರುತ್ತದೆ, ಇಂಜಿನ್ ಉಳಿಯುತ್ತದೆ. "ಪಾನಾಕ್ಕ ಸೊಕ್ಕು ಭಾಳ. ರಬ್ಬರಿಗೆ ಮರ್ಯಾದಿ ಗೊತ್ತೈತಿ" ಎನ್ನುತ್ತಿದ್ದರು.

ಶೆಡ್ಡಿನ ಗೋಡೆಗೊಂದು ಹಲಗೆ ಇತ್ತು. ಯಾವುದೋ ಹಳೆಯ ಬಾಗಿಲಿನದು. ಅದರ ತುಂಬ ತೂತು ಕೊರೆದು, ಬಿಚ್ಚಿದ ಪ್ಲಗ್ಗುಗಳನ್ನು ಗಾಡಿವಾರು ಸಿಕ್ಕಿಸಿ, ಪ್ರತಿ ಸಾಲಿಗೂ ಒಂದು ರಟ್ಟಿನ ಚೀಟಿ ಕಟ್ಟುತ್ತಿದ್ದರು. ಚೀಟಿಯಲ್ಲಿ ಗಾಡಿ ಯಾವುದೆಂದು, ಅದರ ಕೆಳಗೆ ಕೆಟ್ಟದ್ದರ ಕಾರಣ ಒಂದೇ ಪದದಲ್ಲಿ. ಗಾದಿಗನೂರು ಜೀಪ್, ಧೂಳು. ಮಲಪನಗುಡಿ ವ್ಯಾನ್, ಎಣ್ಣೆ. ಹಂಪಿಗೆ ಪ್ರವಾಸಿಗಳನ್ನು ಒಯ್ಯುವ ಒಂದು ಟ್ಯಾಕ್ಸಿಯ ಚೀಟಿಯಲ್ಲಿ 'ಮಾಲಕ' ಎಂದಿತ್ತು. ಆ ಮಾಲಕ ಬಂದಾಗಲೆಲ್ಲ ಹಲಗೆಗೆ ಬೆನ್ನು ಮಾಡಿ ಕೂರುತ್ತಿದ್ದ. ಒಮ್ಮೆ ಬರೆದದ್ದನ್ನು ಅವರು ಅಳಿಸಿದ್ದನ್ನು ಯಾರೂ ನೋಡಿರಲಿಲ್ಲ.

ಮೊದಲ ವರ್ಷ ನನಗೆ ಕಂಪನಿಯದಕ್ಕಿಂತ ಒಂದು ಮೆಟ್ಟಿಲು ತಂಪಾದ ಪ್ಲಗ್ಗು ಹಾಕಿದರು. ಓಡಿಸಿ ತಂದೆ. ಬಿಚ್ಚಿ, ಬಿಸಿಲಿಗೆ ಹಿಡಿದು, "ಬಾದಾಮಿ. ಪೂರಾ ಒತ್ತು, ಏನೂ ಆಗಂಗಿಲ್ಲ" ಎಂದರು. ನಾನು ಗುಡ್ಡದಲ್ಲಿ ಪೂರಾ ಒತ್ತಿದೆ. ಮುಕ್ಕಾಲು ದಾರಿಯ ತಿರುವಿನಲ್ಲಿ ಗಾಡಿ ಒಮ್ಮೆ ನಡುಗಿ, ಬಿಳಿ ಹೊಗೆ ಕಾರಿ ನಿಂತಿತು. ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಇಂಜಿನ್ ಬಿಚ್ಚಿದಾಗ ಮೂರನೆಯ ಪಿಸ್ಟನ್ನಿನ ನೆತ್ತಿ ಕರಗಿ ತೂತಾಗಿತ್ತು. ಮೇಸ್ತ್ರಿ ಪ್ಲಗ್ಗುಗಳನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದರು. ಉಳಿದ ಮೂರೂ ಬಾದಾಮಿಯೇ ಎಂದರು. ಆಮೇಲೆ ನನ್ನ ಕಡೆ ತಿರುಗಿ, ನನ್ನ ತಮ್ಮನ ಎದುರಿಗೇ, "ಇಂಜಿನ್ ಕಟಕಟ ಅಂತ ಕೂಗಿರ್ತೈತಿ. ನೀ ಕೇಳಿಲ್ಲ. ಕಾಲು ಎತ್ತಬೇಕಿತ್ತು" ಎಂದರು. ಚೀಟಿಯಲ್ಲಿ ಬರೆದರು: ಕಂಪ್ಲಿ ಪಿಕಪ್, ಕಾಲು.

ನಾನು ನಂಬಿದೆ. ಅವರು ಹೇಳಿದ ಮೇಲೆ ನಂಬದೆ ಇರುವುದು ಹೇಗೆ? ಟರ್ಬೊ ಕಿರುಚುವಾಗ ಕಟಕಟ ಕೇಳಿಸಿತ್ತೋ ಇಲ್ಲವೋ ಎಂದು ಎಷ್ಟು ಸಲ ನೆನಪು ಮಾಡಿಕೊಂಡೆನೋ. ತಮ್ಮನಿಗಂತೂ ಹಬ್ಬ. ಗಿರಣಿಯಲ್ಲಿ ಬೆಲ್ಟು ಹರಿದರೆ "ಅಕ್ಕ ಕಾಲಿಟ್ಲೇನು", ತಕ್ಕಡಿ ಕೆಟ್ಟರೆ "ಅಕ್ಕನ ಕಾಲು ಭಾಳ ಭಾರ". ಹಮಾಲರು ಮುಖ ತಿರುಗಿಸಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಒಂದು ವರ್ಷ ಯಾವ ಗಾಡಿ ಹತ್ತಿದರೂ ಬಲಗಾಲು ಅಳುಕುತ್ತಿತ್ತು. ಎತ್ತಿನ ಗಾಡಿಗಳು ನನ್ನನ್ನು ಹಿಂದೆ ಹಾಕುವ ಹಾಗಾಯಿತು. ಬೈಸಿಕೊಂಡದ್ದಕ್ಕಲ್ಲ, ನನ್ನ ಕಾಲನ್ನು ನಾನೇ ನಂಬದ ಹಾಗಾದದ್ದಕ್ಕೆ ನನಗೆ ಸಂಕಟವಾಗಿತ್ತು.

ಆ ವರ್ಷದಲ್ಲೇ ಅವರು ನಮ್ಮ ಅಕ್ಕಿಯನ್ನು ವಾಪಸು ಕಳಿಸಿದ್ದು. ಅವರ ಮನೆಗೆ ಹಿಂದಿನಿಂದಲೂ ನಮ್ಮ ಗಿರಣಿಯದೇ ಅಕ್ಕಿ. ಒಂದು ದಿನ ಚೀಲ ಹಾಗೆಯೇ ಬಂತು, ಜೊತೆಗೆ "ಪಾಲಿಶ್ ಸರಿ ಆಗಿಲ್ಲ, ಅಕ್ಕಿ ಕಂದೈತಿ" ಎಂಬ ಮಾತು. ನನಗೆ ಸಿಟ್ಟು ನೆತ್ತಿಗೇರಿತು. ಕಾಲಿಗೆ ಅಂದದ್ದನ್ನು ಸಹಿಸಿದ್ದೆ, ಅಕ್ಕಿಗೆ ಅಂದದ್ದನ್ನು ಸಹಿಸಲಿಲ್ಲ. ಶೆಡ್ಡಿಗೇ ಹೋಗಿ ಜಗಳವಾಡಿದೆ. ಅವರು ಒಂದಿಂಚು ಬಗ್ಗಲಿಲ್ಲ. ಎದುರಿನ ಚಹಾದ ಹೆಂಗಸಿನ ಜೊತೆಯೂ ಅವರದು ದಿನಾ ಜಗಳ, ಹಾಲು ಕಮ್ಮಿ ಹಾಕುತ್ತಾಳೆ, ಬರೀ ಕೆಂಪು ನೀರು ಕೊಡುತ್ತಾಳೆ ಎಂದು. ಆಕೆ ಹಾಲಿನ ಪಾತ್ರೆಯನ್ನೇ ತಂದು ತೋರಿಸಿ, "ಮುದುಕಗ ಅರಳು ಮರಳು" ಎಂದು ನನ್ನ ಹತ್ತಿರ ಗೊಣಗಿದಳು. ವಯಸ್ಸಾದಂತೆ ಮನುಷ್ಯ ಕೊಂಕು ಹೆಚ್ಚು ಮಾಡುತ್ತಾನೆ ಎಂದುಕೊಂಡು ನಾನೂ ಸುಮ್ಮನಾದೆ.

ಮರುವರ್ಷ ಗಾಡಿಯನ್ನು ಅವರೇ ಕಟ್ಟಿ ನಿಲ್ಲಿಸಿದರು. "ಈ ಸಲ ಗುಡ್ಡ ಏರಬೇಕು. ಏರಿ, ಇಳಿದು, ಅದ ಗಾಡಿಯಾಗ ಕಂಪ್ಲಿ ಮುಟ್ಟಬೇಕು. ಹಗ್ಗ ಮುಟ್ಟಿದ್ರ ನಾನ ಈ ಪೆಟಿಗಿ ಹತ್ತೂದು ಬಿಡ್ತೀನಿ" ಎಂದು ಪೆಟ್ಟಿಗೆ ಮೇಲೆ ನಿಂತೇ ಹೇಳಿದರು. ಪ್ಲಗ್ಗು ಮಾತ್ರ ಹೋದ ಸಲದ ಮೆಟ್ಟಿಲಿನದೇ. ತಪ್ಪು ಕಾಲಿನದಾದ ಮೇಲೆ ಪ್ಲಗ್ಗನ್ನು ಯಾಕೆ ಬದಲಿಸಬೇಕು?

ಗಾದಿಗನೂರಿನ ಆಚೆ ಲಾರಿಗಳು ಬಿಟ್ಟುಬಿಟ್ಟ ಒಂದು ಏರುದಾರಿ ಇದೆ. ಅಲ್ಲಿ ಪರೀಕ್ಷೆ. ಏರಿನಲ್ಲಿ ಪೂರಾ ಒತ್ತಬೇಕು, ತುದಿಯಲ್ಲಿ ಕ್ಲಚ್ ತುಳಿದು ಒಮ್ಮೆಲೇ ಕೀಲಿ ಬಂದ್ ಮಾಡಬೇಕು. ಆಗ ಇಂಜಿನ್ ದುಡಿಯುವಾಗಿನ ಬಣ್ಣ ಪ್ಲಗ್ಗಿನ ಮೇಲೆ ಹಾಗೆಯೇ ನಿಲ್ಲುತ್ತದೆ. ಮಾಡಿದೆ. ಜಾಲಿ ಗಿಡದ ನೆರಳಲ್ಲಿ ಕೂತು, ಅಂಗೈ ಊರಿ ಇಪ್ಪತ್ತು ಎಣಿಸುವಂತಾಗುವವರೆಗೆ ಕಾದೆವು. ಅವರು ಪ್ಲಗ್ಗು ಬಿಚ್ಚಿ ಬಿಸಿಲಿಗೆ ಹಿಡಿದು, "ಬಾದಾಮಿ" ಎಂದರು. ನನ್ನ ಕೈಗೆ ಕೊಟ್ಟರು.

ಅದು ಬಿಳಿ ಇತ್ತು.

ಬಿಳಿ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಹೊಟ್ಟೆಪಾಡೇ ಬಿಳಿ ಬಣ್ಣದ್ದು. ಒಂದು ಪಾಲಿಶ್, ಒಂದೂವರೆ, ಎರಡು ಎಂದು ಬರೀ ಕಣ್ಣಿನಲ್ಲಿ ಹೇಳುತ್ತೇನೆ. "ಮೇಸ್ತ್ರಿ, ಇದು ಬೆಳ್ಳಗೈತ್ರಿ" ಎಂದೆ.

"ಬಿಸಿಲಿಗೆ ಹಂಗ ಕಾಣ್ತೈತಿ. ಕುಂದ್ರು, ಇನ್ನೊಂದು ಸುತ್ತು ಹೊಡಿ."

"ನಾ ಕೀಲಿ ತಿರುವಂಗಿಲ್ರಿ."

"ನಲವತ್ತು ವರ್ಷ ಆತು ನಾ ಪ್ಲಗ್ ಓದಾಕ ಹತ್ತಿ! ನೀ ನನಗ ಕಲಸ್ತೀಯೇನು?"

ಅವರ ಮುಖ ಕೆಂಪಾಗಿತ್ತು. ಆದರೆ ಹೋದ ವರ್ಷ ಇದೇ ಬಾದಾಮಿಯ ಮಾತು ಕೇಳಿ ಪೂರಾ ಒತ್ತಿದವಳು ನಾನು, ಇನ್ನೊಮ್ಮೆ ಒತ್ತಲಾರೆ. ಆಗ ಚಹಾದ ಜಗಳ ನೆನಪಾಯಿತು. ವಾಪಸು ಬಂದ ಅಕ್ಕಿಯ ಚೀಲ ನೆನಪಾಯಿತು. ಗಿರಣಿಯವರ ಗಾಡಿಯಲ್ಲಿ ವ್ಯಾಪಾರಿಗಳಿಗೆ ತೋರಿಸಲು ಮಾದರಿ ಅಕ್ಕಿಯ ಪೊಟ್ಟಣ ಇದ್ದೇ ಇರುತ್ತದೆ. ಎರಡು ಪೊಟ್ಟಣ ಬಿಚ್ಚಿದೆ. ಒಂದು ಅಂಗೈಯಲ್ಲಿ ಎರಡು ಪಾಲಿಶ್ ಆದ ಬೆಳ್ಳನೆಯ ಅಕ್ಕಿ, ಇನ್ನೊಂದರಲ್ಲಿ ಒಂದೇ ಪಾಲಿಶಿನದು, ತೌಡು ಇನ್ನೂ ಅಂಟಿಕೊಂಡು ಕಂದು ಬಣ್ಣಕ್ಕಿದ್ದದ್ದು. ಮಕ್ಕಳೂ ಹೇಳುತ್ತವೆ.

"ಯಾವ್ದು ಬೆಳ್ಳಗೈತಿ ಹೇಳ್ರಿ."

ಅವರು ಬೆರಳು ಚಾಚಿದರು. "ಮುಟ್ಟಬ್ಯಾಡ್ರಿ. ನೋಡಿ ಹೇಳ್ರಿ" ಎಂದೆ. ಮುಟ್ಟಿದರೆ ಅವರಿಗೆ ಗೊತ್ತಾಗಿಬಿಡುತ್ತಿತ್ತು, ಅಂಥ ಬೆರಳು ಅವರವು.

ಅವರು ಬಗ್ಗಿದರು. ಕಣ್ಣು ಕಿರಿದು ಮಾಡಿದರು. ನೆರಳಿಗೆ ಕರೆದರು, ಮತ್ತೆ ಬಿಸಿಲಿಗೆ ಬಾ ಎಂದರು. ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. "ಎರಡೂ ಒಂದ ಅದಾವ" ಎಂದರು. ಆಮೇಲೆ ನನ್ನ ಮುಖ ನೋಡಿದರು. ನಾನು ಅಕ್ಕಿಯನ್ನು ಎರಡು ಬೇರೆ ಬೇರೆ ಪೊಟ್ಟಣಕ್ಕೆ ವಾಪಸು ಸುರಿದೆ.

ಜಾಲಿ ಗಿಡದ ಬುಡದಲ್ಲಿ ಹೋಗಿ ಕೂತರು. ಇನ್ನು ಈ ಮನುಷ್ಯ ಏಳುವುದಿಲ್ಲ ಎಂದೇ ನನಗೆ ಅನ್ನಿಸಿತು. ನಾನು ಮಾಡಿದ್ದು ತಪ್ಪಾಯಿತೇನೋ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಎದ್ದು, ಪಂಚೆ ಜಾಡಿಸಿ ಬಂದರು. "ಹನ್ನೆರಡು ದಿನ ಐತಿ ಗುಡ್ಡಕ್ಕ. ಕಣ್ಣಿನ ಡಾಕ್ಟರು ಕೊಯ್ದು ಪಟ್ಟಿ ಕಟ್ಟಿದ್ರ ಹನ್ನೆರಡು ದಿನಕ್ಕ ಈ ಧೂಳಿಗೆ ಬಿಡಂಗಿಲ್ಲ. ಕಣ್ಣು ಆಮ್ಯಾಲ ನೋಡೂಣು. ಈಗ ನೀ ಓದು, ನಾ ಕೇಳ್ತೀನಿ. ಹೇಳು, ಎಂಥ ಬಿಳಿ?"

"ಎರಡು ಪಾಲಿಶ್ ಬಿಳಿ ರಿ."

"ಬಾದಾಮಿ ಅಂದ್ರ ನಿನ್ನ ಗಿರಣ್ಯಾಗ ಏನು?"

ನಾನು ಯೋಚಿಸಿದೆ. "ತೌಡು ರಿ. ಹೊಸ ತೌಡಿನ ಬಣ್ಣ."

"ಹಂಗಾದ್ರ ತೌಡು ಬರೂತನಾ ಬಿಡೂದು ಬ್ಯಾಡ."

ಮರುದಿನ ಹೊಸಪೇಟೆಯ ಬಿಡಿಭಾಗದ ಅಂಗಡಿಗೆ ಹೋದೆವು. ಎರಡು ಮೆಟ್ಟಿಲು ತಂಪಾದದ್ದು ಬೇಕಿತ್ತು. ನಮ್ಮ ಮಾಮೂಲಿ ತಯಾರಿಕೆಯದು ಇರಲಿಲ್ಲ, ಬೇರೆಯದಿತ್ತು. ಅಂಗಡಿಯವನು ನಂಬರು ದೊಡ್ಡದಾದಷ್ಟೂ ತಂಪು ಎಂದು ದೊಡ್ಡ ನಂಬರಿನದನ್ನೇ ಮುಂದಿಟ್ಟ. ಮೇಸ್ತ್ರಿ ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡರು. ಪ್ಲಗ್ಗಿನ ತುದಿಯಲ್ಲಿ ಪಿಂಗಾಣಿಯ ಮೂಗಿಗೂ ಲೋಹಕ್ಕೂ ನಡುವೆ ಸಂದಿಯಿದೆಯಲ್ಲ, ಅದರೊಳಗೆ ಕಡ್ಡಿ ಇಳಿಸಿದರು, ಉಗುರಿನಿಂದ ಗುರುತು ಹಿಡಿದರು. ಚಿಕ್ಕ ನಂಬರಿನದನ್ನೂ ಹಾಗೆಯೇ ಅಳೆದರು. "ನಂಬರು ಒಬ್ಬೊಬ್ಬರು ಒಂದೊಂದು ತರ ಬರೀತಾರ. ಮೂಗು ಸುಳ್ಳು ಹೇಳಂಗಿಲ್ಲ. ಕಡ್ಡಿ ಆಳಕ್ಕ ಹೋತಂದ್ರ ಮೂಗು ಉದ್ದ, ಅದು ಬಿಸಿ. ಇದು ಗಿಡ್ಡ ಮೂಗು, ತಂಪು" ಎಂದು ಚಿಕ್ಕ ನಂಬರಿನದನ್ನೇ ಆರಿಸಿದರು. ಅಂಗಡಿಯವನು ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿ ಹೌದೆಂದು ಒಪ್ಪಿದ. ಕಣ್ಣು ಕೈಕೊಟ್ಟ ಮರುದಿನವೇ ಆ ಮನುಷ್ಯ ಪೊರಕೆ ಕಡ್ಡಿ ಹಿಡಿದು ನಿಂತದ್ದನ್ನು ನೆನೆದರೆ ಈಗಲೂ ನನ್ನ ಬೆನ್ನು ತಾನೇ ನೆಟ್ಟಗಾಗುತ್ತದೆ.

ಹತ್ತು ದಿನದಲ್ಲಿ ಗಾದಿಗನೂರಿನ ಏರಿಗೆ ಐದು ಸಲ ಹೋದೆವು. ಕಿಡಿ ಹಾರುವ ಸಂದಿಯನ್ನು ಎಲೆಯಂಥ ಉಕ್ಕಿನ ಪಟ್ಟಿಯಿಂದ ಮುಟ್ಟಿ ಮುಟ್ಟಿ ಕಿರಿದು ಮಾಡಿದರು. ಸಂದಿ ಅಗಲವಿದ್ದರೆ ಟರ್ಬೊದ ಗಾಳಿಗೆ ಕಿಡಿ ಆರುತ್ತದೆ. ಪೆಟ್ರೋಲ್ ತುಸು ಹೆಚ್ಚು ಬಿಟ್ಟರು. ನಾನು ಓದುತ್ತಿದ್ದೆ: ಒಂದೂವರೆ ಪಾಲಿಶ್. ಒಂದು ಪಾಲಿಶ್, ಮೂರನೇದು ಇನ್ನೂ ಬೆಳ್ಳಗೆ. ನಡುವೆ ಒಮ್ಮೆ ಬೇಸತ್ತು "ತೌಡು ಬಂತ್ರಿ" ಎಂದೆ. ಅವರು ಪ್ಲಗ್ಗನ್ನು ನೋಡಲೇ ಇಲ್ಲ, ನನ್ನ ದನಿ ಕೇಳಿಯೇ "ಸುಳ್ಳು ಓದಬ್ಯಾಡ" ಎಂದು ಗದರಿದರು. ಐದನೆಯ ಸಲ ನಿಜಕ್ಕೂ ಬಂತು. ಆಗ ಅವರು ಪ್ಲಗ್ಗುಗಳನ್ನು ಕೊಳವೆಗೆ ಸಿಕ್ಕಿಸಿ ವಾಪಸು ಹಾಕಿದರು.

ಗುಡ್ಡದ ದಿನ ಅವರು ಮೇಲೆ ತುದಿಯಲ್ಲಿ ನಿಂತಿದ್ದರು. ಆ ತಿರುವು ಬಂದಾಗ ನನ್ನ ಕಾಲು ತಾನಾಗಿ ಏಳತೊಡಗಿತು. ವರ್ಷವೆಲ್ಲ ಕಲಿತ ಅಳುಕು ಅದು. ನಾನೇ ಓದಿದ ತೌಡು ಎಂದು ಬಾಯಿ ಬಿಟ್ಟು ಹೇಳಿಕೊಂಡೆ, ಪೂರಾ ಒತ್ತಿದೆ. ಗಾಡಿ ಕೆಂಪು ಧೂಳು ಎಬ್ಬಿಸಿಕೊಂಡು ತಿರುವು ದಾಟಿತು, ಏರಿತು. ಆರನೆಯವಳಾದೆ. ಬಹುಮಾನ ಮೂರರವರೆಗೆ ಮಾತ್ರ. ಮೇಸ್ತ್ರಿ ಚಪ್ಪಾಳೆ ತಟ್ಟಲಿಲ್ಲ. ಅಂಗೈ ಊರಿ, ಕಾದು, ಬಿಚ್ಚಿ, ನನ್ನ ಕೈಗಿಟ್ಟರು. "ತೌಡು ರಿ. ನಾಲ್ಕೂ ತೌಡು" ಎಂದೆ. "ಹಂಗಾದ್ರ ನಡಿ ಕಂಪ್ಲಿಗೆ" ಎಂದು ಪಕ್ಕದ ಸೀಟಿನಲ್ಲಿ ಹತ್ತಿ ಕೂತರು. ದಾರಿಯುದ್ದಕ್ಕೂ ಹೋದ ವರ್ಷದ ಮಾತು ನೆನಪಾಗುತ್ತಿತ್ತು. ಅದು ನನ್ನ ಕಾಲಿನ ತಪ್ಪಲ್ಲವೆಂದು ಗಾದಿಗನೂರಿನ ಜಾಲಿ ಗಿಡದ ಕೆಳಗೇ ನನಗೆ ಅರ್ಥವಾಗಿತ್ತು, ಆದರೆ ನಾನು ಕೇಳಲಿಲ್ಲ. ಅವರಾಗಿ ಹೇಳಲಿ ಎಂಬ ಹಟವೂ ಇತ್ತು, ಹೇಳದಿದ್ದರೂ ಸರಿ ಎಂಬಷ್ಟು ಪ್ರೀತಿಯೂ ಆಗಲೇ ಬಂದಿತ್ತು.

ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡರು. ಪಟ್ಟಿ ಬಿಚ್ಚಿದ ದಿನ ಹಂಪಿಗೆ ಹೋಗಿ ವಿರೂಪಾಕ್ಷನ ದರ್ಶನ ಮಾಡಿ ಬರೋಣ ಎಂದು ಹೆಂಡತಿ ಕರೆದರೆ, "ಅಂವ ಎಲ್ಲಿ ಹೋಗ್ತಾನ, ಅಲ್ಲೇ ಇರ್ತಾನ. ಮದ್ಲ ಹಲಗಿ" ಎಂದು ಶೆಡ್ಡಿಗೆ ಬಂದರಂತೆ. ಕಪ್ಪು ಕನ್ನಡಕ ಎತ್ತಿ ಎತ್ತಿ, ಎರಡು ವರ್ಷದ ಪ್ಲಗ್ಗುಗಳನ್ನು ಒಂದೊಂದಾಗಿ ಮತ್ತೆ ಓದಿದರಂತೆ. ತಪ್ಪು ಓದಿದ ಗಾಡಿಗಳ ಮನೆಗಳಿಗೆಲ್ಲ ತಾವೇ ಹೋದರು. ಮಲಪನಗುಡಿಯ ವ್ಯಾನಿನವನ ಮನೆಯಲ್ಲಿ ನೀರು ಕೂಡ ಮುಟ್ಟದೆ, ನಿಂತುಕೊಂಡೇ "ನಾ ತಪ್ಪು ಓದಿದ್ದೆ" ಎಂದು ಹೇಳಿ, ಅಂಗಳದಲ್ಲೇ ಪ್ಲಗ್ಗು ಬದಲಿಸಿ ಬಂದರಂತೆ.

ನಮ್ಮ ಗಿರಣಿಗೆ ಅವರು ಬಂದಾಗ ಲಾರಿಗೆ ಚೀಲ ಏರುತ್ತಿತ್ತು. ಹಮಾಲರು, ಇಬ್ಬರು ವ್ಯಾಪಾರಿಗಳು, ತಮ್ಮ, ಎಲ್ಲರೂ ಇದ್ದರು. ಬಸ್ಸಿಳಿದು ಬಂದವರೇ ಕೂರ್ರಿ ಎಂದರೂ ಕೂರದೆ, ಜೇಬಿನಿಂದ ಬಟ್ಟೆಯ ಗಂಟು ತೆಗೆದು, ಮೊದಲ ವರ್ಷದ ನಾಲ್ಕು ಪ್ಲಗ್ಗುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಲೇ, ಇವು ಯಾವ ಬಣ್ಣ ಹೇಳು" ಎಂದು ತಮ್ಮನನ್ನು ಕೇಳಿದರು.

"ಬಿಳಿ ರಿ" ಎಂದ ಅವನು.

"ನಾ ಬಾದಾಮಿ ಅಂದಿದ್ದೆ. ನನ್ನ ಮಾತು ಕೇಳಿ ನಿಮ್ಮಕ್ಕ ಪೂರಾ ಒತ್ತಿದ್ಲು. ಪಿಸ್ಟನ್ ಸುಟ್ಟಿದ್ದು ಅಕಿ ಕಾಲಿನಿಂದಲ್ಲ, ನನ್ನ ಕಣ್ಣಿನಿಂದ. ಅಕಿ ಕಾಲಿಗೆ ಇನ್ನ ಇಲ್ಲಿ ಯಾರೂ ಏನೂ ಅನ್ನಂಗಿಲ್ಲ." ದನಿ ಪೆಟ್ಟಿಗೆ ಇಲ್ಲದೆಯೂ ಎತ್ತರವಿತ್ತು. ಹಮಾಲರು ಚೀಲ ಹೊತ್ತುಕೊಂಡೇ ನಿಂತುಬಿಟ್ಟಿದ್ದರು. ಮೇಸ್ತ್ರಿ ತಮ್ಮನ ಕೈಯಿಂದ ಪೆನ್ನು ತೆಗೆದುಕೊಂಡು, ಪ್ಲಗ್ಗಿಗೆ ಕಟ್ಟಿದ್ದ ರಟ್ಟಿನ ಚೀಟಿಯಲ್ಲಿ 'ಕಾಲು' ಎಂಬುದನ್ನು ಹೊಡೆದು, ಕೆಳಗೆ 'ಕಣ್ಣು' ಎಂದು ಬರೆದರು.

ನನಗೆ ಅಳು ಬಂತು. ಮುಚ್ಚುಮರೆ ಯಾಕೆ, ಎಲ್ಲರ ಎದುರಿಗೇ ಅತ್ತೆ. ಅವರಿಗೆ ಅದನ್ನು ನೋಡಲು ಆಗಲಿಲ್ಲ, ಪಕ್ಕದ ಮಾದರಿ ತಟ್ಟೆಯ ಕಡೆ ತಿರುಗಿದರು. ಒಂದು ಹಿಡಿ ಅಕ್ಕಿ ಅಂಗೈಗೆ ಹಾಕಿಕೊಂಡು, ಕಪ್ಪು ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಅವತ್ತು ನಾ ವಾಪಸ್ ಕಳಿಸಿದ್ನಲ್ಲ, ಅದೂ ಇಷ್ಟ ಬೆಳ್ಳಗಿತ್ತೇನವ್ವಾ?"

"ಇಷ್ಟ ಬೆಳ್ಳಗಿತ್ರಿ" ಎಂದೆ.

ಅವರು ಅಕ್ಕಿಯನ್ನು ಒಂದು ಕಾಳೂ ಚೆಲ್ಲದಂತೆ ತಟ್ಟೆಗೆ ಸುರಿದು, ತಮ್ಮನ ಕಡೆ ಮತ್ತೆ ಕೈ ಚಾಚಿದರು.

"ಪೆನ್ನು ಕೊಡಲೇ. ಅದನ್ನೂ ಬರೀಬೇಕು."